ಕಾಲ್ನಡಿಗೆಯಲ್ಲಿ ಬೆಂಗಳೂರು

ದೊಡ್ಡ ಊರನ್ನು ನೋಡುವುದಕ್ಕೆ ಹಲವು ವಿಧಾನಗಳುಂಟು. ವಾಹನದಲ್ಲಿ ಕುಳಿತು ಪ್ರಸಿದ್ಧವಾದ ಹತ್ತು ಸ್ಥಳಗಳನ್ನು ಒಂದೇ ದಿನದಲ್ಲಿ ಸುತ್ತಿ ಬರುವುದು ಒಂದು ವಿಧಾನ. ಹಾಗೆ ಮಾಡಿದರೆ ಸ್ಥಳಗಳು ಕಾಣುತ್ತವೆಯೇ ಹೊರತು ಊರು ಕಾಣುವುದಿಲ್ಲ. ಒಂದಕ್ಕೂ ಇನ್ನೊಂದಕ್ಕೂ ನಡುವೆ ಇರುವುದೆಲ್ಲ ಕಿಟಕಿಯ ಹೊರಗೆ ಹಿಂದಕ್ಕೆ ಓಡಿಹೋಗುತ್ತದೆ. ನಡೆಯುವವನಾದರೋ ಬೀದಿಯ ಏರು ತಗ್ಗುಗಳನ್ನು ಕಾಲಿನಿಂದಲೇ ಅರಿಯುತ್ತಾನೆ. ಬೇಕೆಂದ ಕಡೆ ನಿಲ್ಲುತ್ತಾನೆ, ಫಲಕಗಳನ್ನು ಓದುತ್ತಾನೆ, ದಾರಿಹೋಕರನ್ನು ಮಾತನಾಡಿಸುತ್ತಾನೆ.

ನೋಡುವ ಕಣ್ಣಿಗೆ ಊರಿನ ಹೆಸರುಗಳೂ ದಾರಿದೀಪಗಳು. ತುಮಕೂರಿನ ಶೆಟ್ಟಿಹಳ್ಳಿ ಇಂದು ನಗರದ ಒಂದು ಬಡಾವಣೆ. ಹೊಲಗದ್ದೆಗಳ ಕಾಲವನ್ನು ನೆನಪಿಸುವುದು ಹೆಸರಿನ ಕೊನೆಯಲ್ಲಿರುವ ‘ಹಳ್ಳಿ’ ಎಂಬ ಪದ ಮಾತ್ರ. ಬೆಂಗಳೂರಿನ ಉತ್ತರ ಭಾಗದಲ್ಲಿಯೂ ಒಂದು ಶೆಟ್ಟಿಹಳ್ಳಿಯಿದೆ. ಅದನ್ನೂ ನಗರವು ತನ್ನೊಳಗೆ ಸೇರಿಸಿಕೊಂಡಿದೆ. ಹಳ್ಳಿ, ಪೇಟೆ, ಕೆರೆ, ಕಟ್ಟೆ, ಬಾಗಿಲು ಎಂಬ ಪದಗಳು ಎಲ್ಲೆಲ್ಲಿ ಉಳಿದುಕೊಂಡಿವೆಯೋ ಅಲ್ಲೆಲ್ಲ ನೆಲದ ಹಿಂದಿನ ಕಥೆಯೊಂದು ಅಡಗಿರುತ್ತದೆ.

ತುಮಕೂರಿನಿಂದ ಬೆಂಗಳೂರಿಗೆ ಸುಮಾರು 70 ಕಿಲೋಮೀಟರ್. ಇವೆರಡರ ನಡುವೆ ರೈಲು ಸಂಚಾರ ಆರಂಭವಾದುದು 1884ರಲ್ಲಿ. ಬೆಳಗಿನ ಗಾಡಿಯಲ್ಲಿ ಹೊರಟು ಬೆಂಗಳೂರಿನ ಮುಖ್ಯ ನಿಲ್ದಾಣದಲ್ಲಿ ಇಳಿದವನಿಗೆ ಎದುರಿನಲ್ಲಿಯೇ ತನ್ನ ಜಿಲ್ಲೆಯವರೊಬ್ಬರ ಹೆಸರು ಕಾಣಿಸುತ್ತದೆ. ಅದು ಗುಬ್ಬಿ ತೋಟದಪ್ಪನವರ ಧರ್ಮಛತ್ರ. ಗುಬ್ಬಿಯಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ವ್ಯಾಪಾರ ಮಾಡಿ ಹಣ ಗಳಿಸಿದ ತೋಟದಪ್ಪನವರು ಪರಸ್ಥಳದ ಪ್ರಯಾಣಿಕರಿಗೆ ತಂಗಲು ನೆಲೆಯಿರಲೆಂದು 1903ರಲ್ಲಿ ಇದನ್ನು ಕಟ್ಟಿಸಿದರು. ಊಟ ವಸತಿಗಳಿಗೆ ದಿಕ್ಕಿಲ್ಲದೆ ಓದು ನಿಲ್ಲಿಸಬೇಕಾಗಿದ್ದ ಎಷ್ಟೋ ಬಡ ಹುಡುಗರು ಇವರ ಧರ್ಮಸಂಸ್ಥೆಯ ವಿದ್ಯಾರ್ಥಿನಿಲಯದಲ್ಲಿದ್ದು ವಿದ್ಯಾವಂತರಾದರು.

ಛತ್ರದಿಂದ ಕೆಲವೇ ಹೆಜ್ಜೆಗಳಲ್ಲಿ ಕೆಂಪೇಗೌಡ ಬಸ್ ನಿಲ್ದಾಣ. ಹಗಲಿರುಳೂ ಜನಸಂದಣಿಯಿಂದ ಗಿಜಿಗುಟ್ಟುವ ಈ ಜಾಗ ಸುತ್ತಲಿನ ನೆಲಕ್ಕಿಂತ ತಗ್ಗಿನಲ್ಲಿದೆ. ಕಾರಣವಿಷ್ಟೆ: ಇದು ಒಂದು ಕೆರೆಯ ಅಂಗಳ. ಧರ್ಮಾಂಬುಧಿ ಎಂಬುದು ಆ ಕೆರೆಯ ಹೆಸರು. ಬೆಂಗಳೂರಿನ ಬಳಿ ದೊಡ್ಡ ನದಿಯಿಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲೆ ನೆಲಸಿದ ಈ ಊರಿಗೆ ಮಳೆಯ ನೀರನ್ನು ತಡೆದು ನಿಲ್ಲಿಸಿದ ಕೆರೆಗಳೇ ಜೀವಾಧಾರವಾಗಿದ್ದವು. 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳವೆಯ ಮೂಲಕ ನೀರು ಬಂದಿತು. 1933ರಲ್ಲಿ ತಿಪ್ಪಗೊಂಡನಹಳ್ಳಿಯ ನೀರು, 1974ರಲ್ಲಿ ಸುಮಾರು 100 ಕಿಲೋಮೀಟರ್ ದೂರದಿಂದ ಕಾವೇರಿಯ ನೀರು ಬಂದಿತು. ಮನೆಯ ನಲ್ಲಿಯಲ್ಲಿ ನೀರು ಸುರಿಯತೊಡಗಿದ ಮೇಲೆ ಕೆರೆಯ ಹೂಳೆತ್ತಿಸುವವರಾರು? ನೀರು ಬರುವ ಕಾಲುವೆಗಳು ಮುಚ್ಚಿಹೋದವು; ಕೆರೆ ಬತ್ತಿ ಮೈದಾನವಾಯಿತು, ಮೈದಾನ ಬಸ್ ನಿಲ್ದಾಣವಾಯಿತು. ದೂರದ ಕಾವೇರಿಯ ನೀರನ್ನಾದರೂ ಸುಮಾರು 500 ಮೀಟರ್ ಎತ್ತರಕ್ಕೆ ವಿದ್ಯುತ್ತಿನ ಬಲದಿಂದ ಏರಿಸಿ ತರಬೇಕಾಗಿದೆ. ಕಾಲಡಿಯಲ್ಲಿದ್ದ ನೀರನ್ನು ಕಳೆದುಕೊಂಡು ಅಷ್ಟು ಕೆಳಗಿನ ನೀರಿಗೆ ಕೈಚಾಚಿದುದು ವಿವೇಕವೋ ಅಲ್ಲವೋ ಎಂಬುದನ್ನು ಇಲ್ಲಿ ನಿಂತು ಯೋಚಿಸಬಹುದು.

ಇಲ್ಲಿಂದ ಆಗ್ನೇಯಕ್ಕೆ ತಿರುಗಿದರೆ ಹಳೆಯ ಪೇಟೆ. ಯಲಹಂಕದ ನಾಡಪ್ರಭು ಒಂದನೆಯ ಕೆಂಪೇಗೌಡನು 1537ರಲ್ಲಿ ಮಣ್ಣಿನ ಕೋಟೆ ಕಟ್ಟಿಸಿ ಸ್ಥಾಪಿಸಿದ ಬೆಂಗಳೂರು ಇದೇ. ದೊಡ್ಡಪೇಟೆ ಚಿಕ್ಕಪೇಟೆಗಳು ಕೂಡುವ ಚೌಕದಲ್ಲಿ ನಾಲ್ಕು ಜೋಡಿ ಎತ್ತುಗಳನ್ನು ಹೂಡಿ ನಾಲ್ಕು ದಿಕ್ಕಿಗೂ ಉಳುಮೆ ಮಾಡಿಸಿ, ಆ ನೇಗಿಲ ಸಾಲುಗಳನ್ನೇ ಬೀದಿಗಳಾಗಿ ಮಾಡಿದನೆಂದು ಜನ ಹೇಳುತ್ತಾರೆ. ಐತಿಹ್ಯ ಹೇಗಾದರೂ ಇರಲಿ, ಅಡ್ಡ ಉದ್ದ ಬೀದಿಗಳು ಇಂದಿಗೂ ಅಲ್ಲಿ ಒಂದನ್ನೊಂದು ಕತ್ತರಿಸುತ್ತವೆ. ದೊಡ್ಡಪೇಟೆಗೆ ಈಗ ಅವೆನ್ಯೂ ರಸ್ತೆಯೆಂದು ಹೆಸರು. ಕೋಟೆಯ ಬಾಗಿಲುಗಳು ಅಳಿದುಹೋದರೂ ಪೂರ್ವದ ಬಾಗಿಲ ನೆನಪು ‘ಹಲಸೂರು ಗೇಟ್’ ಎಂಬ ಪೊಲೀಸ್ ಠಾಣೆಯ ಹೆಸರಿನಲ್ಲಿ ಉಳಿದಿದೆ.

ಪೇಟೆಗಳ ಹೆಸರುಗಳನ್ನು ಓದುತ್ತ ಹೋಗುವುದೇ ಒಂದು ಸೊಗಸು. ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆಗಳಲ್ಲಿ ಮಾರುತ್ತಿದ್ದ ಸರಕೇನೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಕುಂಬಾರಪೇಟೆ, ಗಾಣಿಗರಪೇಟೆ, ಉಪ್ಪಾರಪೇಟೆ, ತಿಗಳರಪೇಟೆಗಳು ಅಲ್ಲಿ ನೆಲಸಿದ್ದ ಕಸುಬಿನವರನ್ನು ಹೆಸರಿಸುತ್ತವೆ. ಹೆಸರು ಉಳಿದು ಕಸುಬು ಬದಲಾದುದೂ ಉಂಟು: ಬಳೇಪೇಟೆಯಲ್ಲಿ ಈಗ ವೀಣೆ, ತಬಲ, ಹಾರ್ಮೋನಿಯಂಗಳ ಅಂಗಡಿಗಳು ಕಣ್ಣಿಗೆ ಬೀಳುತ್ತವೆ. ಅವೆನ್ಯೂ ರಸ್ತೆಯಲ್ಲಿ ಹಳೆಯ ಪುಸ್ತಕಗಳ ರಾಶಿಯ ಮುಂದೆ ವಿದ್ಯಾರ್ಥಿಗಳು ಚೌಕಾಸಿ ಮಾಡುತ್ತಿರುತ್ತಾರೆ. ನಡೆಯುವುದು ಇಲ್ಲಿ ಸುಲಭವಲ್ಲ. ಪಾದಚಾರಿಯ ದಾರಿಯನ್ನು ಅಂಗಡಿಯ ಸರಕೂ ದ್ವಿಚಕ್ರ ವಾಹನಗಳೂ ಆಕ್ರಮಿಸಿರುತ್ತವೆ. ಮೂಟೆ ಹೊತ್ತ ಕೂಲಿಯವರಿಗೆ ದಾರಿ ಬಿಡುತ್ತ, ಕೈಗಾಡಿಗಳಿಂದ ಪಾರಾಗುತ್ತ ಸಾಗಬೇಕು. ನಡೆಯುವವರಿಗಾಗಿಯೇ ಹುಟ್ಟಿದ ಬೀದಿಗಳಲ್ಲಿ ನಡೆಯುವವರೇ ಅಂಚಿಗೆ ಸರಿಯಬೇಕಾದುದು ವಿಚಿತ್ರ.

ಪೇಟೆಯ ದಕ್ಷಿಣದ ತುದಿಯಲ್ಲಿ ಕೃಷ್ಣರಾಜೇಂದ್ರ ಮಾರುಕಟ್ಟೆಯಿದೆ. ಬೆಳಗಿನಲ್ಲಿ ಅಲ್ಲಿ ಸೇವಂತಿಗೆ, ಮಲ್ಲಿಗೆ, ಕನಕಾಂಬರಗಳ ರಾಶಿಗಳು ಗುಡ್ಡಗಳಂತೆ ಕಾಣುತ್ತವೆ. ಈ ನೆಲವೂ ಒಮ್ಮೆ ನೀರಿನದೇ. ಸಿದ್ದಿಕಟ್ಟೆ ಎಂಬುದು ಇದರ ಹಳೆಯ ಹೆಸರು. 1905ರ ಆಗಸ್ಟ್ 5ರಂದು ಶಿವನಸಮುದ್ರದಲ್ಲಿ ಉತ್ಪಾದನೆಯಾದ ವಿದ್ಯುತ್ತಿನಿಂದ ಬೆಂಗಳೂರಿನ ಬೀದಿದೀಪಗಳು ಮೊದಲು ಬೆಳಗಿದುದು ಈ ಪ್ರದೇಶದಲ್ಲಿ. ಕೋಲಾರದ ಚಿನ್ನದ ಗಣಿಗಳಿಗೆ ಆ ವಿದ್ಯುತ್ತು ಅದಕ್ಕೆ ಮೂರು ವರ್ಷ ಮೊದಲೇ ತಲಪಿತ್ತು.

ಮಾರುಕಟ್ಟೆಯನ್ನು ದಾಟಿದೊಡನೆ ಕಲ್ಲಿನ ಕೋಟೆ. ಇದನ್ನು ಹೈದರಾಲಿ 1761ರಲ್ಲಿ ಕಲ್ಲಿನಿಂದ ಬಲಪಡಿಸಿದನು. ಮೂರನೆಯ ಮೈಸೂರು ಯುದ್ಧದಲ್ಲಿ ಕಾರ್ನ್‌ವಾಲಿಸನ ಸೈನ್ಯವು 1791ರ ಮಾರ್ಚ್ 7ರಂದು ಪೇಟೆಯನ್ನೂ, ಅದೇ ತಿಂಗಳ 21ರಂದು ಕೋಟೆಯನ್ನೂ ಹಿಡಿಯಿತು. ಕಿಲ್ಲೇದಾರ ಬಹಾದೂರ್ ಖಾನನು ಹೋರಾಡುತ್ತಲೇ ಮಡಿದನು. ಗೋಡೆ ಒಡೆದ ಜಾಗದಲ್ಲಿ ಬ್ರಿಟಿಷರು ನೆಟ್ಟ ಫಲಕವನ್ನು ಇಂದಿಗೂ ಓದಬಹುದು. ಗೆದ್ದವರ ಮಾತು ಅದರಲ್ಲಿದೆ, ಸೋತವರದಿಲ್ಲ. ಕಾಲಕ್ರಮದಲ್ಲಿ ರಸ್ತೆ, ಶಾಲೆ, ಆಸ್ಪತ್ರೆಗಳಿಗೆ ಜಾಗ ಬಿಟ್ಟುಕೊಟ್ಟು ಕೋಟೆಯ ಬಹುಭಾಗ ಕಣ್ಮರೆಯಾಯಿತು. ಉಳಿದಿರುವುದು ದಿಲ್ಲಿ ಬಾಗಿಲು ಮತ್ತು ಅದರ ಆಸುಪಾಸಿನ ಗೋಡೆ ಮಾತ್ರ.

ಸಮೀಪದಲ್ಲಿಯೇ ಚಿಕ್ಕದೇವರಾಜ ಒಡೆಯರ ಕಾಲದ ಕೋಟೆ ವೆಂಕಟರಮಣಸ್ವಾಮಿ ದೇವಾಲಯವೂ ಅದರ ಪಕ್ಕದಲ್ಲಿ ಟಿಪ್ಪುವಿನ ಬೇಸಿಗೆ ಅರಮನೆಯೂ ಇವೆ. ಹೈದರಾಲಿ ಆರಂಭಿಸಿದ ಈ ಅರಮನೆಯನ್ನು ಟಿಪ್ಪು 1791ರಲ್ಲಿ ಪೂರ್ಣಗೊಳಿಸಿದನು. ಕಲ್ಲಿನ ಪೀಠಗಳ ಮೇಲೆ ನಿಂತ ತೇಗದ ಕಂಬಗಳ ನಡುವೆ ಬಿರುಬಿಸಿಲಿನಲ್ಲಿಯೂ ತಂಪಿರುತ್ತದೆ. ಬುತ್ತಿ ಬಿಚ್ಚುವುದು ಮಾತ್ರ ಹೊರಗೆ, ಮರದ ನೆರಳಿನಲ್ಲಿಯೇ ಆಗಬೇಕು.

ಟಿಪ್ಪುವಿನ ಪತನಾನಂತರ ಅರಮನೆಯಲ್ಲಿ ಸರ್ಕಾರದ ಕಚೇರಿಗಳಿದ್ದವು. 1868ರಲ್ಲಿ ಅವು ಕಬ್ಬನ್ ಉದ್ಯಾನದ ಅಂಚಿನ ಕೆಂಪು ಕಟ್ಟಡಕ್ಕೆ ಹೋದವು. ನಾವೂ ಅದೇ ದಿಕ್ಕಿಗೆ ಹೋಗೋಣ. ದಾರಿಯಲ್ಲಿ ತಿಗಳರಪೇಟೆಯ ಧರ್ಮರಾಯನ ಗುಡಿ ಸಿಗುತ್ತದೆ. ಚೈತ್ರ ಪೂರ್ಣಿಮೆಯ ರಾತ್ರಿ ಇಲ್ಲಿಂದ ಹೊರಡುವ ಕರಗವು ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಭೇಟಿಯಿತ್ತು ಮುಂದುವರಿಯುತ್ತದೆ. ಕರಗದ ವಿಧಿಗಳಿಗೆ ಬೇಕಾದ ಸಂಪಂಗಿ ಕೆರೆಯ ಕಥೆಯೂ ಧರ್ಮಾಂಬುಧಿಯದೇ. ಅದರ ನೆಲದಲ್ಲಿ ಈಗ ಕಂಠೀರವ ಕ್ರೀಡಾಂಗಣ ನಿಂತಿದೆ. ಪಕ್ಕದಲ್ಲಿ ಉಳಿಸಿಕೊಂಡಿರುವ ಪುಟ್ಟ ಕೊಳವೊಂದು ಆ ಕೆರೆಯ ಗುರುತು. ಆಚರಣೆ ಬಿಡದ ಜನರಿದ್ದುದರಿಂದಲೇ ಅಷ್ಟಾದರೂ ನೀರು ಉಳಿಯಿತೆಂದು ತೋರುತ್ತದೆ.

ಹದಿನೆಂಟು ಇಲಾಖೆಗಳಿದ್ದುದರಿಂದ ಆ ಕೆಂಪು ಕಟ್ಟಡಕ್ಕೆ ಅಠಾರಾ ಕಚೇರಿ ಎಂಬ ಹೆಸರು ಬಂತು. ಇಂದು ಅದು ಉಚ್ಚ ನ್ಯಾಯಾಲಯ. 1980ರ ದಶಕದ ಆರಂಭದಲ್ಲಿ ಅದನ್ನು ಕೆಡವುವ ಯೋಚನೆಯಿತ್ತು. ನಾಗರಿಕರು ವಿರೋಧಿಸಿದರು, ಯೋಚನೆಯನ್ನು ಕೈಬಿಡಲಾಯಿತು. ಎದುರಿನ ವಿಧಾನಸೌಧಕ್ಕೆ 1951ರ ಜುಲೈ 13ರಂದು ಜವಾಹರಲಾಲ್ ನೆಹರೂ ಶಂಕುಸ್ಥಾಪನೆ ಮಾಡಿದರು. ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರು ಅದನ್ನು ದ್ರಾವಿಡ ಶೈಲಿಯ ಭವ್ಯ ಸೌಧವಾಗಿ ಬೆಳೆಸಿದರು. 1956ರಲ್ಲಿ ಅದು ಪೂರ್ಣಗೊಂಡಿತು. ಸುತ್ತಲಿನ ಬಂಡೆಗಳಿಂದ ತಂದ ಬೆಣಚುಕಲ್ಲನ್ನು ಕಡೆದವರಲ್ಲಿ ಸೆರೆಮನೆಯ ಕೈದಿಗಳೂ ಇದ್ದರು.

ಸಂಜೆ ಉದ್ಯಾನದ ಬಿದಿರು ಮೆಳೆಗಳ ಬಳಿ ಸ್ವಲ್ಪ ಹೊತ್ತು ಕುಳಿತು ದಣಿವಾರಿಸಿಕೊಂಡು, ವಿಧಾನಸೌಧದ ಎದುರಿನ ಮೆಟ್ಟಿಲಿಳಿದು ಮೆಟ್ರೋ ರೈಲು ಹತ್ತಿದರೆ ಮೂರನೆಯ ನಿಲ್ದಾಣವೇ ಬೆಳಿಗ್ಗೆ ಇಳಿದ ರೈಲು ನಿಲ್ದಾಣ. ಇಡೀ ದಿನ ಬಳಸಿ ಬಂದ ಊರನ್ನು ಅದು ಕೆಲವೇ ನಿಮಿಷಗಳಲ್ಲಿ ನೆಲದಡಿಯಲ್ಲಿ ದಾಟುತ್ತದೆ. ಕಿಟಕಿಯ ಹೊರಗೆ ಆಗ ಕಾಣುವುದು ಬರಿಯ ಕತ್ತಲೆ.