ಅಸ್ತಮಾ: ಇನ್ಹೇಲರ್ ಸ್ಟೀರಾಯ್ಡ್ ಕಡಿಮೆ ಮಾಡುವ ಸರಿಯಾದ ಕ್ರಮ

ಅಸ್ತಮಾ ಇರುವವರ ಮನೆಗಳಲ್ಲಿ ಒಂದು ಮಾತು ಆಗಾಗ ಕೇಳಿಬರುತ್ತದೆ: "ಈಗ ಉಸಿರಾಟ ಚೆನ್ನಾಗಿದೆಯಲ್ಲ, ಇನ್ನೂ ಯಾಕೆ ಸ್ಟೀರಾಯ್ಡ್ ಪಂಪ್? ಬಿಟ್ಟುಬಿಡಿ." ಹೇಳುವವರ ಕಾಳಜಿ ನಿಜವಾದದ್ದೇ. ಆದರೆ ಒಮ್ಮೆಲೇ ಬಿಟ್ಟವರಿಗೆ ಕೆಲವು ದಿನ ಅಥವಾ ವಾರಗಳಲ್ಲಿ ಉಬ್ಬಸ ಮರಳಿ, ರಾತ್ರೋರಾತ್ರಿ ಆಸ್ಪತ್ರೆಗೆ ಓಡುವ ಪರಿಸ್ಥಿತಿ ಬರಬಹುದು. ಸ್ಟೀರಾಯ್ಡ್ ಪ್ರಮಾಣ ಇಳಿಸಲು ಬಹಳ ಜನರಿಗೆ ಸಾಧ್ಯವಿದೆ. ಅದಕ್ಕೆ ಒಂದು ಕ್ರಮವಿದೆ.

ಎರಡು ಬಗೆಯ ಪಂಪ್

ಅಸ್ತಮಾ ಎಂದರೆ ಶ್ವಾಸನಾಳದ ಒಳಗೋಡೆ ಸದಾ ಸ್ವಲ್ಪ ಊದಿಕೊಂಡಿರುವ ಸ್ಥಿತಿ. ಬುಡೆಸೊನೈಡ್, ಫ್ಲುಟಿಕಸೋನ್, ಬೆಕ್ಲೊಮೆಥಸೋನ್‌ನಂತಹ ಸ್ಟೀರಾಯ್ಡ್ ಔಷಧಿಗಳು ಈ ಊತವನ್ನು ನಿಧಾನವಾಗಿ ಇಳಿಸಿ, ಹಿಡಿತದಲ್ಲಿಡುತ್ತವೆ. ಸಾಲ್ಬುಟಮಾಲ್ ಪಂಪ್ ಬಿಗಿದ ನಾಳವನ್ನು ಕೆಲವು ಗಂಟೆಗಳ ಮಟ್ಟಿಗೆ ಸಡಿಲಿಸುತ್ತದೆ, ಊತವನ್ನು ಮುಟ್ಟುವುದಿಲ್ಲ. ಸ್ಟೀರಾಯ್ಡ್ ಬಿಟ್ಟು ಸಾಲ್ಬುಟಮಾಲ್ ಒಂದನ್ನೇ ನಂಬಿದವರಿಗೆ ಅಪಾಯ ಹೆಚ್ಚು. ಆದ್ದರಿಂದಲೇ 'ಗ್ಲೋಬಲ್ ಇನಿಷಿಯೇಟಿವ್ ಫಾರ್ ಅಸ್ತಮಾ' ಸಂಸ್ಥೆಯ ಮಾರ್ಗಸೂಚಿ 2019ರಿಂದ ವಯಸ್ಕರಿಗೆ ಸಾಲ್ಬುಟಮಾಲ್ ಮಾತ್ರದ ಚಿಕಿತ್ಸೆ ಬೇಡ ಎನ್ನುತ್ತಿದೆ.

ಭಯ ಎಷ್ಟು ನಿಜ?

ಪಂಪ್‌ನಲ್ಲಿ ಔಷಧಿಯ ಲೆಕ್ಕ ಮೈಕ್ರೋಗ್ರಾಂನಲ್ಲಿರುತ್ತದೆ. 1000 ಮೈಕ್ರೋಗ್ರಾಂ ಸೇರಿದರೆ 1 ಮಿಲಿಗ್ರಾಂ. ಉಬ್ಬಸ ಜೋರಾದಾಗ ಕೊಡುವ ಪ್ರೆಡ್ನಿಸೊಲೋನ್ ಮಾತ್ರೆಯ ಪ್ರಮಾಣ ಸಾಮಾನ್ಯವಾಗಿ ದಿನಕ್ಕೆ 40 ಮಿಲಿಗ್ರಾಂ ಇರುತ್ತದೆ, ಅದು ಇಡೀ ದೇಹಕ್ಕೆ ಹೋಗುತ್ತದೆ. ಪಂಪ್‌ನ ಔಷಧಿ ಹೆಚ್ಚಾಗಿ ಶ್ವಾಸಕೋಶದಲ್ಲೇ ಕೆಲಸ ಮಾಡುತ್ತದೆ. ಕಡಿಮೆ ಪ್ರಮಾಣದಲ್ಲಿ ಬರುವ ತೊಂದರೆ ಎಂದರೆ ಧ್ವನಿ ಒಡೆಯುವುದು, ಬಾಯಲ್ಲಿ ಬಿಳಿ ಅಗ್ರ. ಹೆಚ್ಚು ಪ್ರಮಾಣವನ್ನು ವರ್ಷಗಟ್ಟಲೆ ತೆಗೆದುಕೊಂಡರೆ ಮೂಳೆ ಸವೆತ, ಕಣ್ಣಿನ ಪೊರೆ ಬರುವ ಸಾಧ್ಯತೆ ಇದೆ. ಬೇಕಾದಷ್ಟೇ ಪ್ರಮಾಣಕ್ಕೆ ಇಳಿಸಬೇಕು ಎನ್ನುವುದು ಇದೇ ಕಾರಣಕ್ಕೆ.

ಇಳಿಸಲು ಸಮಯ ಬಂದಿದೆಯೇ?

ಕಳೆದ ನಾಲ್ಕು ವಾರಗಳನ್ನು ನೆನಪಿಸಿಕೊಂಡು ನಾಲ್ಕು ಪ್ರಶ್ನೆ ಕೇಳಿಕೊಳ್ಳಬೇಕು. ಹಗಲಲ್ಲಿ ವಾರಕ್ಕೆ ಎರಡಕ್ಕಿಂತ ಹೆಚ್ಚು ಸಲ ಉಬ್ಬಸ ಬಂತೇ? ರಾತ್ರಿ ಕೆಮ್ಮಿ ಎಚ್ಚರವಾಯಿತೇ? ತುರ್ತು ಪಂಪ್ ವಾರಕ್ಕೆ ಎರಡಕ್ಕಿಂತ ಹೆಚ್ಚು ಸಲ ಬೇಕಾಯಿತೇ? ಮೆಟ್ಟಿಲು, ನಡಿಗೆ, ಅಂಗಡಿ ಕೆಲಸಕ್ಕೆ ಅಡ್ಡಿಯಾಯಿತೇ? ನಾಲ್ಕಕ್ಕೂ "ಇಲ್ಲ" ಎಂಬ ಉತ್ತರವಿದ್ದು, ಆ ಸ್ಥಿತಿ ಸುಮಾರು ಮೂರು ತಿಂಗಳು ಮುಂದುವರಿದಿದ್ದರೆ ವೈದ್ಯರ ಬಳಿ ಮಾತಾಡಬಹುದು.

ನೆಗಡಿ, ಜ್ವರ ಇರುವಾಗ, ದೂರದ ಪ್ರಯಾಣದ ಮುನ್ನ, ಗರ್ಭಿಣಿಯಾಗಿರುವಾಗ ಇಳಿಸುವ ಪ್ರಯತ್ನ ಬೇಡ. ಕಳೆದ ಒಂದು ವರ್ಷದಲ್ಲಿ ಜೋರಾಗಿ ಉಬ್ಬಸ ಬಂದವರು, ಎಂದಾದರೂ ಐಸಿಯು ಸೇರಿದವರು ಇನ್ನೂ ಹೆಚ್ಚು ಎಚ್ಚರದಿಂದಿರಬೇಕು. ಮಳೆಗಾಲದ ತೇವ, ಗೋಡೆಯ ಬೂಷ್ಟಿನಿಂದ ಉಬ್ಬಸ ಹೆಚ್ಚುವವರಿಗೆ ಚಾತುರ್ಮಾಸದ ತಿಂಗಳುಗಳು ಇದಕ್ಕೆ ಸೂಕ್ತವಲ್ಲ.

ಹೇಗೆ ಇಳಿಸುತ್ತಾರೆ?

ವೈದ್ಯರು ಸಾಮಾನ್ಯವಾಗಿ ಒಂದು ಸಲಕ್ಕೆ ಶೇಕಡಾ 25ರಿಂದ 50ರಷ್ಟು ಇಳಿಸಿ, ಮೂರು ತಿಂಗಳು ನೋಡುತ್ತಾರೆ. ಉದಾಹರಣೆಗೆ, ದಿನಕ್ಕೆ 800 ಮೈಕ್ರೋಗ್ರಾಂ ಬುಡೆಸೊನೈಡ್ ಇದ್ದರೆ 400ಕ್ಕೆ, ಎಲ್ಲ ಸರಿಯಿದ್ದರೆ ಮುಂದೆ 200ಕ್ಕೆ. ಫಾರ್ಮೊಟೆರಾಲ್ ಜೊತೆಗಿರುವ ಪಂಪ್ ಬಳಸುವವರು ಸ್ಟೀರಾಯ್ಡ್ ತೆಗೆದು ಫಾರ್ಮೊಟೆರಾಲ್ ಒಂದನ್ನೇ ಉಳಿಸಿಕೊಳ್ಳಬಾರದು. ಅಸ್ತಮಾದಲ್ಲಿ ಅದು ಅಪಾಯಕಾರಿ. ವಯಸ್ಕರಲ್ಲಿ ಸ್ಟೀರಾಯ್ಡನ್ನು ಪೂರ್ತಿ ನಿಲ್ಲಿಸಲು ಮಾರ್ಗಸೂಚಿ ಹೇಳುವುದಿಲ್ಲ. ಬಹಳ ಕಾಲದಿಂದ ಸ್ಟೀರಾಯ್ಡ್ ಮಾತ್ರೆ ನುಂಗುತ್ತಿರುವವರದು ಬೇರೆ ವಿಷಯ. ಅದನ್ನು ದಿಢೀರನೆ ಬಿಟ್ಟರೆ ಪ್ರಾಣಕ್ಕೇ ಕುತ್ತು ಬರಬಹುದು.

ಇಳಿಸುವ ಮೊದಲು ಪಂಪ್ ಬಳಸುವ ರೀತಿಯನ್ನು ವೈದ್ಯರ ಮುಂದೆ ಮಾಡಿ ತೋರಿಸಬೇಕು. ಸ್ಪೇಸರ್ ಹಾಕಿಕೊಂಡರೆ ಗಂಟಲಲ್ಲಿ ಕೂರುವ ಔಷಧಿ ಕಡಿಮೆಯಾಗುತ್ತದೆ. ಪ್ರತಿ ಸಲ ಬಾಯಿ ಮುಕ್ಕಳಿಸಿ ಉಗುಳಬೇಕು. ಸೂರ್ಯಾಸ್ತದ ನಂತರ ನೀರು ಮುಟ್ಟದವರು ಬೆಳಗಿನ ಪಂಪ್ 6 ಗಂಟೆಗೆ, ಸಂಜೆಯದು ಊಟಕ್ಕೆ ಮೊದಲು ಎಂದು ವೈದ್ಯರನ್ನು ಕೇಳಿ ಹೊಂದಿಸಿಕೊಳ್ಳಬಹುದು. ಉಪವಾಸದ ದಿನಗಳ ಬಗ್ಗೆಯೂ ಮೊದಲೇ ಕೇಳಿಕೊಳ್ಳಬೇಕು, ಆ ದಿನ ತಾವಾಗಿ ಪಂಪ್ ಬಿಡಬಾರದು. ಉಸಿರು ಕಟ್ಟಿದಾಗ ಮಾತ್ರ ತುರ್ತು ಪಂಪ್‌ಗೆ ಹೊತ್ತು ಗೊತ್ತು ನೋಡುವಂತಿಲ್ಲ.

ಇಳಿಸಿದ ಮೇಲೆ

ಒಂದು ನೋಟ್‌ಪುಸ್ತಕ ಸಾಕು. ರಾತ್ರಿ ಎಚ್ಚರವಾದದ್ದು, ತುರ್ತು ಪಂಪ್ ಬಳಸಿದ್ದು, ಪೀಕ್ ಫ್ಲೋ ಮೀಟರ್ ಇದ್ದರೆ ಅದರ ಅಂಕಿ, ಇಷ್ಟನ್ನು ಅಂಗಡಿಯ ದಿನವಹಿಯಂತೆ ಪ್ರತಿದಿನ ಬರೆದಿಡಬೇಕು. ತಮ್ಮ ಅತ್ಯುತ್ತಮ ಅಂಕಿಯ ಶೇಕಡಾ 80ಕ್ಕಿಂತ ಕೆಳಗೆ ಬಂದರೆ ಅದು ಎಚ್ಚರಿಕೆ. 50ಕ್ಕಿಂತ ಕೆಳಗಾದರೆ ತುರ್ತು ಸ್ಥಿತಿ. ತೊಂದರೆ ಮರಳಿದರೆ ಎಷ್ಟು ಪಂಪ್, ಯಾರಿಗೆ ಫೋನ್ ಎಂಬುದನ್ನು ವೈದ್ಯರಿಂದ ಮೊದಲೇ ಕಾಗದದಲ್ಲಿ ಬರೆಸಿಕೊಳ್ಳಬೇಕು. ಹಳೆಯ ಪ್ರಮಾಣಕ್ಕೆ ಮರಳಬೇಕಾದರೆ ಅದು ಸೋಲಲ್ಲ. ಆ ದೇಹಕ್ಕೆ ಬೇಕಾದ ಅಳತೆ ಅಷ್ಟೆಂದು ತಿಳಿದಂತಾಯಿತು.

ಒಂದು ವಾಕ್ಯ ಪೂರ್ತಿ ಹೇಳಲಾಗದಷ್ಟು ಏದುಸಿರು, ನೀಲಿಯಾದ ತುಟಿ, ಪಂಪ್‌ಗೂ ಬಗ್ಗದ ಉಬ್ಬಸ ಕಂಡರೆ ಕಾಯದೆ 108ಕ್ಕೆ ಕರೆ ಮಾಡಬೇಕು. ಈ ಸಂಖ್ಯೆ ಮತ್ತು ವೈದ್ಯರು ಬರೆದ ಕಾಗದ ಎಲ್ಲಿದೆ ಎಂಬುದು ರೋಗಿಗೆ ಮಾತ್ರವಲ್ಲ, ಮನೆಯ ಎಲ್ಲರಿಗೂ ಗೊತ್ತಿರಲಿ.