ಲೆಕ್ಕದ ಪುಸ್ತಕದಲ್ಲಿ ಮನೆ ಹುಡುಗನ ಬೆಲೆ ಸೊನ್ನೆ

ಮೇ ತಿಂಗಳು ಬಂತೆಂದರೆ ಇಂಗ್ಲೆಂಡಿನಲ್ಲಿ ಫುಟ್‌ಬಾಲ್ ಸೀಸನ್ ಮುಗಿಯುತ್ತದೆ, ಫುಟ್‌ಬಾಲ್ ಮಾತು ಮುಗಿಯುವುದಿಲ್ಲ. ಆಸ್ಪತ್ರೆಯ ವಾರ್ಡ್, ಗೋದಾಮು, ಆಫೀಸಿನ ಕೆಟಲ್ ಪಕ್ಕ, ಎಲ್ಲಿ ನಿಂತರೂ ಒಂದೇ ಪ್ರಶ್ನೆ: ಮುಂದಿನ ಸೀಸನ್‌ಗೆ ಯಾರು ಬರ್ತಾರೆ, ಯಾರು ಹೋಗ್ತಾರೆ? ಕ್ರಿಕೆಟ್ ನೋಡಿ ಬೆಳೆದ ನಾವು ಮೊದಮೊದಲು ತಲೆಯಾಡಿಸಿ ಸುಮ್ಮನಾಗುತ್ತಿದ್ದೆವು. ಆದರೆ ಬಿ.ಕಾಂ. ಮುಗಿಸಿದ ದಿನದಿಂದ ಲೆಡ್ಜರ್ ಜೊತೆಗೇ ಬಾಳುತ್ತಿರುವ ನಮಗೆ ಒಂದು ಸಂಗತಿ ಬೇಗ ಹೊಳೆಯಿತು. ಹೊಸ ತಂಡ ಕಟ್ಟುವ ಕೆಲಸ ಅರ್ಧ ಮೈದಾನದಲ್ಲಿ ನಡೆದರೆ, ಇನ್ನರ್ಧ ನಮ್ಮಂಥ ಲೆಕ್ಕದವರ ಮೇಜಿನ ಮೇಲೆ ನಡೆಯುತ್ತದೆ. ಎರಡನೆಯ ಅರ್ಧದ ಬಗ್ಗೆ ಟಿವಿಯಲ್ಲಿ ಕಡಿಮೆ ಹೇಳ್ತಾರೆ, ಅದನ್ನೇ ಈ ತಿಂಗಳು ಬರೆಯೋಣ ಅಂದುಕೊಂಡೆವು. ಉದಾಹರಣೆಗೆ ಒಂದೇ ಕ್ಲಬ್ ಸಾಕು, ನಾಟಿಂಗ್‌ಹ್ಯಾಮ್ ಫಾರೆಸ್ಟ್.

ಈ ಊರು ನಮ್ಮವರಿಗೆ ಹೊಸದಲ್ಲ. ನಮ್ಮ ರಾಹುಲ್ ದ್ರಾವಿಡ್ 2002ರಲ್ಲೂ 2011ರಲ್ಲೂ ಟೆಸ್ಟ್ ಶತಕ ಹೊಡೆದ ಟ್ರೆಂಟ್ ಬ್ರಿಡ್ಜ್ ಮೈದಾನದಿಂದ ನಾಲ್ಕು ಹೆಜ್ಜೆ ನಡೆದರೆ ಫಾರೆಸ್ಟ್‌ನ ಸಿಟಿ ಗ್ರೌಂಡ್. ಬ್ರಯನ್ ಕ್ಲಫ್ ಎಂಬ ಮ್ಯಾನೇಜರ್ ಕಾಲದಲ್ಲಿ 1979 ಮತ್ತು 1980ರಲ್ಲಿ ಸತತ ಎರಡು ಸಲ ಯುರೋಪಿಯನ್ ಕಪ್ ಗೆದ್ದ ಕ್ಲಬ್ ಇದು. ಆಮೇಲೆ ಇಳಿಜಾರು. 1999ರಲ್ಲಿ ಪ್ರೀಮಿಯರ್ ಲೀಗ್‌ನಿಂದ ಕೆಳಗೆ ಬಿದ್ದವರು ಮತ್ತೆ ಮೇಲೆ ಹತ್ತಿದ್ದು 2022ರ ಮೇ ತಿಂಗಳಲ್ಲಿ, ವೆಂಬ್ಲಿಯಲ್ಲಿ ಹಡರ್ಸ್‌ಫೀಲ್ಡ್ ವಿರುದ್ಧ 1-0 ಗೆದ್ದು.

ಸಂಭ್ರಮ ಮುಗಿದ ಮಾರನೇ ದಿನ ನೋಡಿದರೆ ತಂಡವೇ ಇಲ್ಲ! ಗೆಲ್ಲಿಸಿಕೊಟ್ಟವರಲ್ಲಿ ಹಲವರು ಎರವಲು ಆಟಗಾರರು. ಜೇಮ್ಸ್ ಗಾರ್ನರ್ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಸೇರಿದವನು, ಜೆಡ್ ಸ್ಪೆನ್ಸ್ ಮಿಡಲ್ಸ್‌ಬರೋದವನು, ಕೀನನ್ ಡೇವಿಸ್ ಆಸ್ಟನ್ ವಿಲ್ಲಾದವನು. ನಮ್ಮಲ್ಲಿ ಏಜೆನ್ಸಿ ಮೂಲಕ ಶಿಫ್ಟ್ ಮಾಡುವವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ: ಬೆವರು ಇಲ್ಲಿಯದು, ಹಾಜರಿ ಪುಸ್ತಕ ಬೇರೆ ಕಡೆಯದು. ಅವಧಿ ಮುಗಿಯಿತು, ಎಲ್ಲರೂ ವಾಪಸ್ ಹೋದರು. ಫಾರೆಸ್ಟ್ ಆ ಒಂದೇ ಬೇಸಿಗೆಯಲ್ಲಿ 20ಕ್ಕೂ ಹೆಚ್ಚು ಜನರನ್ನು ತಂದಿತು. ದೇಶವೆಲ್ಲ ನಕ್ಕಿತು, ಸಂತೆಗೆ ಹೋಗಿ ಕಂಡಿದ್ದೆಲ್ಲ ಬುಟ್ಟಿಗೆ ಹಾಕಿಕೊಂಡ ಹಾಗೆ ಅಂತ. ನಗುವವರು ಒಂದು ಮರೆತಿದ್ದರು. ಖಾಲಿ ಅಡುಗೆಮನೆಗೆ ಉಪ್ಪಿನಿಂದ ಹಿಡಿದು ಎಲ್ಲವನ್ನೂ ತರಲೇಬೇಕು.

ಈಗ ದುಡ್ಡಿನ ಮಾತು. ಆಟಗಾರನೊಬ್ಬನನ್ನು 25 ಮಿಲಿಯನ್ ಪೌಂಡ್‌ಗೆ, ಅಂದರೆ ಎರಡೂವರೆ ಕೋಟಿ ಪೌಂಡ್‌ಗೆ ಕೊಂಡರೆ, ಆ ವರ್ಷದ ಖರ್ಚು 25 ಮಿಲಿಯನ್ ಅಂತ ಬರೆಯುವುದಿಲ್ಲ. ಒಪ್ಪಂದ ಎಷ್ಟು ವರ್ಷವೋ ಅಷ್ಟು ಭಾಗ ಮಾಡುತ್ತಾರೆ. ಮಾರ್ಗನ್ ಗಿಬ್ಸ್-ವೈಟ್‌ನನ್ನು 2022ರಲ್ಲಿ ವುಲ್ವ್ಸ್‌ನಿಂದ ತಂದಾಗ ಮೊದಲ ಕಂತು ಸುಮಾರು 25 ಮಿಲಿಯನ್, ಒಪ್ಪಂದ ಐದು ವರ್ಷದ್ದು. ಹಾಗಾಗಿ ವರ್ಷಕ್ಕೆ 5 ಮಿಲಿಯನ್ ಖರ್ಚು, ಜೊತೆಗೆ ಸಂಬಳ. ಮೂರು ವರ್ಷ ಕಳೆದರೆ ಪುಸ್ತಕದಲ್ಲಿ ಅವನ ಬೆಲೆ 10 ಮಿಲಿಯನ್‌ಗೆ ಇಳಿದಿರುತ್ತದೆ. ನಮ್ಮ ಕಾಲೇಜಿನ ಮೇಷ್ಟ್ರು ಲೇತ್ ಮೆಷಿನ್‌ಗೆ ಸವಕಳಿ ಹಾಕಲು ಕಲಿಸಿದ್ದರಲ್ಲ, ಅದೇ ಲೆಕ್ಕ. ವ್ಯತ್ಯಾಸ ಇಷ್ಟೇ, ಮೆಷಿನ್ ಹಳೆಯದಾದಷ್ಟೂ ಸವೆಯುತ್ತದೆ, ಇಪ್ಪತ್ತೆರಡರ ಹುಡುಗ ಇಪ್ಪತ್ತೈದಕ್ಕೆ ಇನ್ನೂ ಚುರುಕಾಗುತ್ತಾನೆ. ಅದನ್ನು ತೋರಿಸಲು ಪುಸ್ತಕದಲ್ಲಿ ಕಾಲಂ ಇಲ್ಲ.

ಕೆಲವರು ಇದರಲ್ಲೂ ಚಾಲಾಕಿತನ ತೋರಿಸಿದರು. ಚೆಲ್ಸಿ ಕ್ಲಬ್ ಎಂಟೂವರೆ ವರ್ಷದ ಒಪ್ಪಂದಗಳನ್ನೇ ಬರೆದು ವಾರ್ಷಿಕ ಖರ್ಚನ್ನು ತೆಳ್ಳಗೆ ಹರಡಿತು. 2023ರ ಡಿಸೆಂಬರ್‌ನಲ್ಲಿ ಪ್ರೀಮಿಯರ್ ಲೀಗ್ ಕ್ಲಬ್‌ಗಳು ಮತ ಹಾಕಿ, ಇನ್ನು ಮುಂದೆ ಐದು ವರ್ಷಕ್ಕಿಂತ ಹೆಚ್ಚು ಹರಡುವ ಹಾಗಿಲ್ಲ ಅಂದವು.

ಕೊಂಡು ತಂದವನ ಲೆಕ್ಕ ಹೀಗಾಯಿತು. ಮನೆಯಲ್ಲೇ ಬೆಳೆದವನದು? ಎಂಟು ವರ್ಷಕ್ಕೆ ಅಕಾಡೆಮಿಗೆ ಬಂದ ಹುಡುಗನಿಗೆ ಕ್ಲಬ್ ಯಾರಿಗೂ ಬೆಲೆ ಕೊಟ್ಟಿಲ್ಲ. ಆದ್ದರಿಂದ ಪುಸ್ತಕದಲ್ಲಿ ಅವನ ಬೆಲೆ ಸೊನ್ನೆ. ಸೊನ್ನೆಯ ವಸ್ತು ಎಷ್ಟಕ್ಕೆ ಮಾರಿದರೂ ಪೂರ್ತಿ ಲಾಭ, ಅದೂ ಮಾರಿದ ವರ್ಷದಲ್ಲೇ. ಹಾಗಾಗಿ ಲೆಕ್ಕ ಬಿಗಿಯಾದಾಗಲೆಲ್ಲ ಕ್ಲಬ್‌ನವರ ಕಣ್ಣು ಮೊದಲು ಬೀಳುವುದು ಊರಿನ ಹುಡುಗನ ಮೇಲೆ. ಯಾರನ್ನು ಅಭಿಮಾನಿಗಳು ನಮ್ಮವನು ಅಂತ ಹಾಡಿ ಹೊಗಳುತ್ತಾರೋ ಅವನೇ ಮಾರಾಟಕ್ಕೆ ಅತಿ ಅನುಕೂಲದ ಸರಕು.

ಬ್ರೆನನ್ ಜಾನ್ಸನ್ ಕಥೆ ಅದೇ. ನಾಟಿಂಗ್‌ಹ್ಯಾಮ್‌ನಲ್ಲೇ ಹುಟ್ಟಿದವನು, ಅಪ್ಪ ಡೇವಿಡ್ ಜಾನ್ಸನ್ ಕೂಡ ಫಾರೆಸ್ಟ್‌ಗೆ ಆಡಿದವರು. ಎಂಟನೇ ವಯಸ್ಸಿಗೆ ಕ್ಲಬ್ ಸೇರಿ, 2022ರಲ್ಲಿ ತಂಡ ಮೇಲೆ ಹತ್ತಲು ಹೆಗಲು ಕೊಟ್ಟ.

ಪ್ರೀಮಿಯರ್ ಲೀಗ್ ನಿಯಮದ ಪ್ರಕಾರ ಒಂದು ಕ್ಲಬ್ ಮೂರು ವರ್ಷ ಸೇರಿ 105 ಮಿಲಿಯನ್‌ವರೆಗೆ ನಷ್ಟ ತೋರಿಸಬಹುದಿತ್ತು, ಅಂದರೆ ವರ್ಷಕ್ಕೆ 35. ಕೆಳಗಿನ ಚಾಂಪಿಯನ್‌ಶಿಪ್‌ನಲ್ಲಿ ಕಳೆದ ವರ್ಷಕ್ಕೆ ಮಿತಿ ಬರೀ 13. ಫಾರೆಸ್ಟ್ ಎರಡು ವರ್ಷ ಕೆಳಗೆ, ಒಂದು ವರ್ಷ ಮೇಲೆ ಇತ್ತು. 13, 13, 35, ಒಟ್ಟು 61 ಮಿಲಿಯನ್. ಆದ ನಷ್ಟ 95.5. ಮಿತಿ ಮೀರಿದ್ದು 34.5 ಮಿಲಿಯನ್. ಲೆಕ್ಕದ ವರ್ಷ ಮುಗಿಯುವುದು ಜೂನ್ 30ಕ್ಕೆ. ಜಾನ್ಸನ್‌ನನ್ನು ಆ ದಿನದೊಳಗೆ 35 ಮಿಲಿಯನ್‌ಗೆ ಮಾರಿದ್ದರೂ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಫಾರೆಸ್ಟ್ ಕಾಯಿತು. 2023ರ ಸೆಪ್ಟೆಂಬರ್ 1, ವರ್ಗಾವಣೆಯ ಕೊನೆಯ ದಿನ, ಟಾಟನ್‌ಹ್ಯಾಮ್ 47.5 ಮಿಲಿಯನ್ ಕೊಟ್ಟು ಅವನನ್ನು ಕೊಂಡಿತು. ಬೆಲೆ ಚೆನ್ನಾಗಿ ಬಂತು, ಆದರೆ ಹೋಗಿ ಸೇರಿದ್ದು ಮುಂದಿನ ವರ್ಷದ ಪುಸ್ತಕಕ್ಕೆ.

ವಿಚಾರಣೆಯಲ್ಲಿ ಫಾರೆಸ್ಟ್ ವಾದಿಸಿದ್ದು ಸರಳ: ಆತುರದಲ್ಲಿ ಮಾರಿದ್ದರೆ ಕಡಿಮೆ ಬರುತ್ತಿತ್ತು, ಎರಡು ತಿಂಗಳು ತಾಳಿದ್ದು ಕ್ಲಬ್‌ನ ಹಿತಕ್ಕೇ. ಆಯೋಗ ಒಪ್ಪಲಿಲ್ಲ. 2024ರ ಮಾರ್ಚ್‌ನಲ್ಲಿ ಆರು ಅಂಕ ಕಡಿತ ಎಂದು ಲೆಕ್ಕ ಹಾಕಿ, ತಪ್ಪೊಪ್ಪಿಕೊಂಡು ಸಹಕರಿಸಿದ್ದಕ್ಕೆ ಎರಡು ಬಿಟ್ಟುಕೊಟ್ಟು, ನಾಲ್ಕು ಅಂಕ ಕಳೆದರು. ಅದೇ ಸೀಸನ್‌ನಲ್ಲಿ ಎವರ್ಟನ್‌ಗೂ ಎರಡು ಕಂತಿನಲ್ಲಿ ಎಂಟು ಅಂಕ ಹೋಯಿತು.

ನಮ್ಮ ಅಭಿಪ್ರಾಯ ಕೇಳಿದರೆ, ವ್ಯಾಪಾರವಾಗಿ ಫಾರೆಸ್ಟ್ ಮಾಡಿದ್ದು ಸರಿ, ಲೆಕ್ಕವಾಗಿ ಆಯೋಗ ಹೇಳಿದ್ದು ಸರಿ. ಊರಲ್ಲಿ ಮಾರ್ಚ್ 31, ಇಲ್ಲಿ ಏಪ್ರಿಲ್ 5. ಏಪ್ರಿಲ್ 6ಕ್ಕೆ ಬಂದ ರಸೀತಿಯನ್ನು ಹಿಂದಿನ ವರ್ಷಕ್ಕೆ ಹಾಕಿಕೊಡಿ ಅಂತ ಎಷ್ಟೋ ಜನ ನಮ್ಮನ್ನು ಕೇಳಿದ್ದಾರೆ. ಆಗಲ್ಲ ಅಂದಾಗ ಮುಖ ಸಣ್ಣ ಮಾಡ್ಕೊಂಡು ಹೋಗ್ತಾರೆ. ಗಡುವು ಅಂದರೆ ಗಡುವೇ. ಆದರೆ ಹೀಗೊಂದು ಗಡುವು ಇಟ್ಟಮೇಲೆ ಕೊಳ್ಳುವವರಿಗೂ ಅದು ಗೊತ್ತಿರುತ್ತದೆ. ಜೂನ್ ಕೊನೆಯ ವಾರ ಮಾರುವವನ ಕುತ್ತಿಗೆ ಎಷ್ಟು ಬಿಗಿಯಾಗಿದೆ ಅಂತ ನೋಡಿಕೊಂಡೇ ಬೆಲೆ ಹೇಳ್ತಾರೆ.

ಮರುವರ್ಷವೇ ಫಾರೆಸ್ಟ್ ಕೊಳ್ಳುವ ಕಡೆ ನಿಂತಿತು. 2024ರ ಜೂನ್ ಕೊನೆಯಲ್ಲಿ ನ್ಯೂಕ್ಯಾಸಲ್‌ಗೆ ಅದೇ ಇಕ್ಕಟ್ಟು. ಅವರು ಬಿಟ್ಟುಕೊಟ್ಟಿದ್ದು ಎಲಿಯಟ್ ಆಂಡರ್ಸನ್‌ನನ್ನು. ಅವನೂ ಎಂಟು ವರ್ಷದಿಂದ ಅದೇ ಕ್ಲಬ್‌ನಲ್ಲಿ ಬೆಳೆದ ಹುಡುಗ, ಪುಸ್ತಕದ ಬೆಲೆ ಸೊನ್ನೆ. ಫಾರೆಸ್ಟ್ ಕೊಟ್ಟಿದ್ದು ಸುಮಾರು 35 ಮಿಲಿಯನ್. ಅದೇ ಹೊತ್ತಿಗೆ ಫಾರೆಸ್ಟ್‌ನ ಗೋಲ್‌ಕೀಪರ್ ಒಬ್ಬ ಆ ಕಡೆಗೆ ಹೋದ. ಈ ಮಾರಾಟ ತಮಗೆ ಬೇಕಿರಲಿಲ್ಲ ಎಂಬುದನ್ನು ನ್ಯೂಕ್ಯಾಸಲ್ ಕೋಚ್ ಎಡ್ಡಿ ಹೋವ್ ಮುಚ್ಚಿಡಲಿಲ್ಲ.

ಇಲ್ಲೊಂದು ವಿಚಿತ್ರ ಇದೆ. ಅಕಾಡೆಮಿಗೆ ಮಾಡುವ ಖರ್ಚನ್ನು ಈ ನಷ್ಟದ ಮಿತಿಯಲ್ಲಿ ಹಿಡಿಯುವುದೇ ಇಲ್ಲ. ಮಕ್ಕಳನ್ನು ಬೆಳೆಸಿ ಎಂದು ಒಂದು ಕೈ ಪ್ರೋತ್ಸಾಹ ಕೊಡುತ್ತದೆ, ಬೆಳೆದ ಮಗನನ್ನು ಮಾರಿದರೆ ಲೆಕ್ಕ ಸಲೀಸು ಎಂದು ಇನ್ನೊಂದು ಕೈ ತೋರಿಸುತ್ತದೆ. ನಮ್ಮ ಓದುಗರಲ್ಲಿ ಹಲವರ ಮಕ್ಕಳು ಭಾನುವಾರ ಮುಂಜಾನೆ ಮಂಜಿನಲ್ಲಿ ಶೂ ಕೆಸರು ಮಾಡಿಕೊಂಡು ಆಡ್ತಾರೆ. ನಾಳೆ ಯಾವುದಾದರೂ ಕ್ಲಬ್‌ನವರು ಬಂದು ನಿಮ್ಮ ಮಗುವನ್ನು ಅಕಾಡೆಮಿಗೆ ಕಳಿಸಿ ಅಂದರೆ ಸಂತೋಷಪಡಿ, ಕಳಿಸಿ. ಶಾಲೆಯ ಓದು ಬಿಡಿಸಬೇಡಿ ಅಷ್ಟೇ. ಬಹುಪಾಲು ಮಕ್ಕಳು ಮೊದಲ ತಂಡದವರೆಗೆ ಹೋಗುವುದಿಲ್ಲ, ಹೋದವನಿಗೂ ತನ್ನ ಊರಲ್ಲೇ ಉಳಿಯುವ ಖಾತ್ರಿ ಇಲ್ಲ.

ಹೊರಗಿನವರನ್ನು ತರೋಣ ಅಂದರೆ ಅದಕ್ಕೂ ಬೇಲಿ. 25 ಜನರ ಪಟ್ಟಿಯಲ್ಲಿ ಇಲ್ಲಿ ತರಬೇತಾಗದವರು 17 ಜನರನ್ನು ಮೀರುವ ಹಾಗಿಲ್ಲ. ಬ್ರೆಕ್ಸಿಟ್ ಆದಮೇಲೆ ಯುರೋಪಿನವರಿಗೂ ಅಂಕ ಎಣಿಸಿಯೇ ಅನುಮತಿ: ದೇಶಕ್ಕೆ ಎಷ್ಟು ಪಂದ್ಯ ಆಡಿದ್ದಾನೆ, ಯಾವ ಲೀಗ್‌ನಲ್ಲಿ ಆಡಿದ್ದಾನೆ, ಹೀಗೆ. 15 ಅಂಕ ಆದರೆ ದಾರಿ ತೆರೆಯಿತು. ಸ್ಪಾನ್ಸರ್ ಪತ್ರಕ್ಕೆ ಕಾದು ಕೂತವರಿಗೆ ನಾವು ಇದನ್ನು ವಿವರಿಸಬೇಕಾಗಿಲ್ಲ.

ಇಷ್ಟೆಲ್ಲ ಬೇಲಿಗಳ ನಡುವೆ ಫಾರೆಸ್ಟ್ ಕಟ್ಟಿದ ತಂಡ ಏನಾಯಿತು? ನಾಲ್ಕು ಅಂಕ ಕಳೆದ ಸೀಸನ್‌ನಲ್ಲಿ 32 ಅಂಕದೊಂದಿಗೆ 17ನೇ ಸ್ಥಾನ, ಕೂದಲೆಳೆಯಲ್ಲಿ ಬಚಾವ್. ಮುಂದಿನ 2024-25ರಲ್ಲಿ 65 ಅಂಕ, ಏಳನೇ ಸ್ಥಾನ, ಯುರೋಪ್ ಟೂರ್ನಿಗೆ ಪ್ರವೇಶ. ಸಂತೆ ಬುಟ್ಟಿ ಅಂತ ನಕ್ಕವರು ಸುಮ್ಮನಾದರು. ನಿಜ ಹೇಳಬೇಕೆಂದರೆ ಮೊದಲ ಬೇಸಿಗೆಯ ಬುಟ್ಟಿಯಲ್ಲಿ ಬಹಳಷ್ಟು ಉಳಿಯಲಿಲ್ಲ. ನಂತರದ ಆಯ್ಕೆಗಳು ನಿಧಾನವಾಗಿ, ಒಂದೊಂದೇ ಜಾಗ ನೋಡಿ ನಡೆದವು. ಹಿಂದೆ ಬ್ರೆಜಿಲ್‌ನ ಮುರಿಲೊ, ಪಕ್ಕಕ್ಕೆ ಸರ್ಬಿಯಾದ ಮಿಲೆಂಕೊವಿಚ್, ಗೋಲಿನಲ್ಲಿ ಮಾಟ್ಸ್ ಸೆಲ್ಸ್, ಮುಂದೆ ಕ್ರಿಸ್ ವುಡ್. ಮೂವತ್ತು ದಾಟಿದ ವುಡ್‌ನನ್ನು ನ್ಯೂಕ್ಯಾಸಲ್ ಸಾಕು ಅಂತ ಬಿಟ್ಟುಕೊಟ್ಟಿತ್ತು, ಆ ವರ್ಷ ಲೀಗ್‌ನಲ್ಲಿ 20 ಗೋಲು ಹೊಡೆದ. ವಯಸ್ಸಾದವರಿಗೆ ಮಾರುಕಟ್ಟೆ ಬೆಲೆ ಇಲ್ಲದಿರಬಹುದು, ಕೆಲಸ ಬರಲ್ಲ ಅಂತಲ್ಲ. ನಲವತ್ತು ದಾಟಿದ ನಮಗೆ ವುಡ್ ಮೇಲೆ ವಿಶೇಷ ಪ್ರೀತಿ.

2025ರ ಬೇಸಿಗೆಯಲ್ಲಿ ಮತ್ತೊಂದು ಸುತ್ತು ಲೆಕ್ಕ. ಮ್ಯಾಂಚೆಸ್ಟರ್ ಯುನೈಟೆಡ್‌ನಿಂದ ಸುಮಾರು 15 ಮಿಲಿಯನ್‌ಗೆ ತಂದಿದ್ದ ಆಂಥನಿ ಎಲಾಂಗಾ ಎರಡೇ ವರ್ಷದಲ್ಲಿ 50 ಮಿಲಿಯನ್ ಮೇಲೆ ಬೆಲೆಗೆ ನ್ಯೂಕ್ಯಾಸಲ್‌ಗೆ ಹೋದ. ಸವಕಳಿ ಕಳೆದು ನೋಡಿದರೆ ಲಾಭ 40 ಮಿಲಿಯನ್ ದಾಟುತ್ತದೆ. ಅದೇ ತಿಂಗಳು ಟಾಟನ್‌ಹ್ಯಾಮ್ ಗಿಬ್ಸ್-ವೈಟ್‌ಗೆ ಗಾಳ ಹಾಕಿತು. ಫಾರೆಸ್ಟ್ ಬಿಡದೆ ಅವನಿಗೆ 2028ರವರೆಗೆ ಹೊಸ ಒಪ್ಪಂದ ಬರೆಸಿತು. ಹಾಗೆ ಬರೆಸಿದಾಗ ಪುಸ್ತಕದಲ್ಲಿ ಉಳಿದ ಬೆಲೆ ಎರಡು ವರ್ಷದ ಬದಲು ಮೂರು ವರ್ಷಕ್ಕೆ ಹರಡುತ್ತದೆ, ವಾರ್ಷಿಕ ಖರ್ಚು ಇಳಿಯುತ್ತದೆ. ಸಂಬಳ ಏರುವುದು ಬೇರೆ ಮಾತು. ಒಬ್ಬನನ್ನು ಮಾರಿ ಇನ್ನೊಬ್ಬನನ್ನು ಉಳಿಸಿಕೊಳ್ಳುವುದು ಅಂದರೆ ಇದು.

2026-27ರ ಸೀಸನ್‌ನಿಂದ ನಿಯಮವೇ ಬದಲು. ನಷ್ಟದ ಮಿತಿ ಬದಲಿಗೆ, ತಂಡದ ಖರ್ಚು, ಅಂದರೆ ಸಂಬಳ, ಸವಕಳಿ, ಏಜೆಂಟ್ ಕಮಿಷನ್, ಕ್ಲಬ್ ಆದಾಯದ 85 ಶೇಕಡಾ ಮೀರಬಾರದು. ಯುರೋಪ್ ಟೂರ್ನಿ ಆಡುವವರಿಗೆ ಅಲ್ಲಿಯ ಸಂಸ್ಥೆ ಯುಇಎಫ್‌ಎ 70ಕ್ಕೇ ಬೇಲಿ ಹಾಕಿದೆ. ದೊಡ್ಡ ಸ್ಟೇಡಿಯಂ, ದೊಡ್ಡ ಜಾಹೀರಾತು ಇರುವವರಿಗೆ 85 ಅಂದರೆ ಬೆಟ್ಟ. ಸುಮಾರು 30 ಸಾವಿರ ಸೀಟಿನ ಸಿಟಿ ಗ್ರೌಂಡ್‌ನವರಿಗೆ ಗುಡ್ಡ. ಆಟಗಾರರ ಮಾರಾಟದ ಲಾಭ ಆದಾಯದ ಕಡೆಗೇ ಸೇರುವುದರಿಂದ ಸೊನ್ನೆ ಬೆಲೆಯ ಹುಡುಗನ ಮೇಲಿನ ಆಸೆ ಹೊಸ ನಿಯಮದಲ್ಲೂ ಉಳಿಯುತ್ತದೆ. ನಮ್ಮ ಕೈಯಲ್ಲಿದ್ದರೆ ಹತ್ತು ವರ್ಷ ಅಕಾಡೆಮಿಯಲ್ಲಿದ್ದವನ ಸಂಬಳದಲ್ಲಿ ಒಂದು ಭಾಗವನ್ನು ಖರ್ಚಿನಿಂದ ಬಿಡುತ್ತಿದ್ದೆವು. ಆಗ ಅವನನ್ನು ಉಳಿಸಿಕೊಳ್ಳುವುದಕ್ಕೂ ಲೆಕ್ಕದಲ್ಲೊಂದು ಕಾರಣ ಸಿಗುತ್ತಿತ್ತು.

ಜಾನ್ಸನ್ ಟಾಟನ್‌ಹ್ಯಾಮ್ ಅಂಗಿಯಲ್ಲಿ 2025ರ ಮೇ ತಿಂಗಳಲ್ಲಿ ಬಿಲ್ಬಾವೊದಲ್ಲಿ ಯುರೋಪಾ ಲೀಗ್ ಫೈನಲ್‌ನ ಏಕೈಕ ಗೋಲು ಹೊಡೆದ. ಅದೇ ಸೆಪ್ಟೆಂಬರ್‌ನಲ್ಲಿ ನ್ಯೂಕ್ಯಾಸಲ್ ಬಿಟ್ಟುಕೊಟ್ಟ ಆಂಡರ್ಸನ್, ಫಾರೆಸ್ಟ್ ಆಟಗಾರನಾಗಿ ಇಂಗ್ಲೆಂಡ್ ತಂಡಕ್ಕೆ ಪಾದಾರ್ಪಣೆ ಮಾಡಿದ. ಅವನೀಗ ಫಾರೆಸ್ಟ್ ಪುಸ್ತಕದಲ್ಲಿ ಸೊನ್ನೆ ಅಲ್ಲ, ವರ್ಷಕ್ಕೆ ಸುಮಾರು 7 ಮಿಲಿಯನ್ ಸವಕಳಿ. ಈ ಜೂನ್ ಕೊನೆಯ ವಾರ ಸಹೋದ್ಯೋಗಿಗಳು ವರ್ಗಾವಣೆ ಸುದ್ದಿ ಓದಿ ಹೇಳುವಾಗ, ಹೋಗುತ್ತಿರುವ ಹುಡುಗ ಎಷ್ಟನೇ ವಯಸ್ಸಿಗೆ ಆ ಕ್ಲಬ್ ಸೇರಿದ್ದ ಅಂತ ಒಂದು ಸಲ ಕೇಳಿ ನೋಡಿ.