ಮುಪ್ಪಿಗೆ ಯಾವ ಭಾಷೆ?

ಗಡಿಯಾಚೆ ಉಳಿದ ಕನ್ನಡಿಗರೆಂದರೆ ಕಾಸರಗೋಡಿನ ನಾವು ಮಾತ್ರವಲ್ಲ. ಸಿದ್ಧರಾಮೇಶ್ವರರ ಊರಾದ ಸೊಲ್ಲಾಪುರ ಮತ್ತು ಅದರ ನೆರೆಯ ಅಕ್ಕಲಕೋಟೆಯಲ್ಲಿಯೂ ನಮ್ಮ ನುಡಿಯವರಿದ್ದಾರೆ. ಚಂದ್ರಗಿರಿಯ ಉತ್ತರದ ನಮ್ಮನ್ನೂ ಅಕ್ಕಲಕೋಟೆಯವರನ್ನೂ ಒಂದೇ ರಾಜ್ಯಕ್ಕೆ ಸೇರಿಸಬೇಕೆಂದು 1967ರ ಮಹಾಜನ ವರದಿ ಹೇಳಿತ್ತು. ಅದು ಕಾರ್ಯಗತವಾಗಲಿಲ್ಲ. ಅಂದಿನ ತರುಣರು ಇಂದು ವೃದ್ಧರು.

2011ರ ಜನಗಣತಿಯಂತೆ 60 ದಾಟಿದವರು ಮಹಾರಾಷ್ಟ್ರದಲ್ಲಿ ಶೇ. 9.9, ಕೇರಳದಲ್ಲಿ ಶೇ. 12.6. ಮಕ್ಕಳು ಉದ್ಯೋಗಕ್ಕೆಂದು ಪುಣೆ, ಮುಂಬಯಿ ಸೇರಿದರೆ ಮನೆಯಲ್ಲಿ ಉಳಿಯುವವರು ಅಜ್ಜ, ಅಜ್ಜಿ. ಜಿಲ್ಲೆಗೆ ಒಂದಾದರೂ ವೃದ್ಧಾಶ್ರಮ, ಅದರಲ್ಲಿ ಕನಿಷ್ಠ 150 ಮಂದಿ ಗತಿಯಿಲ್ಲದ ಹಿರಿಯರಿಗೆ ಆಸರೆ ಎಂಬುದು 2007ರ ಕಾನೂನಿನ ಆಶಯ. ಪ್ರವೇಶಕ್ಕೆ ಅದು ವಯಸ್ಸು ನೋಡುತ್ತದೆ, ಬಡತನ ನೋಡುತ್ತದೆ, ಭಾಷೆಯನ್ನು ನೋಡುವುದಿಲ್ಲ.

ಪೇಟೆಯಲ್ಲಿ ಮರಾಠಿ ಆಡಿ ಬದುಕಿದ ಅಕ್ಕಲಕೋಟೆಯ ಅಜ್ಜಿಗೂ ನಡುರಾತ್ರಿ ನೋವೆದ್ದಾಗ ಬಾಯಿಗೆ ಬರುವುದು ಕನ್ನಡವೇ. ಆ ಮಾತು ತಿಳಿಯುವ ಒಬ್ಬ ದಾದಿಯಾದರೂ ಅಲ್ಲಿ ಇರಬೇಡವೇ? ಶಾಲೆಗಾಗಿ, ಕಚೇರಿಗಾಗಿ ನಾವು ಕನ್ನಡವನ್ನು ಕೇಳುತ್ತಲೇ ಬಂದಿದ್ದೇವೆ. ಮುಪ್ಪಿಗಾಗಿ ಕೇಳಲು ಮರೆತಿದ್ದೇವೆ. ನಾಳೆ ನಮ್ಮ ಮನೆಯ ಹಿರಿಯರೂ ಅಂಥದೇ ಬಾಗಿಲಲ್ಲಿ ನಿಲ್ಲಬೇಕಾದೀತು.